ಸೋತವರಿಗೆ ಮೊದಲ ಸರದಿ

ಆಟದ ವಿಷಯ ಮಾತನಾಡುವವರು ಗೆದ್ದವರನ್ನು ಕುರಿತು ಮಾತನಾಡುವುದು ವಾಡಿಕೆ. ಹಾರ ಗೆದ್ದವರಿಗೆ, ಬಟ್ಟಲು ಗೆದ್ದವರಿಗೆ, ಮೆರವಣಿಗೆಯೂ ಗೆದ್ದವರಿಗೇ. ಸೋತವರನ್ನು ವಿಚಾರಿಸುವವರಿಲ್ಲ. ಆದರೆ ಸೋತವರನ್ನೇ ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಿ, ಅವರ ಎಲೆಗೇ ಮೊದಲು ಬಡಿಸುವ ಪದ್ಧತಿಯೊಂದು ಅಮೆರಿಕ ದೇಶದ ಫುಟ್‌ಬಾಲ್ ಆಟದಲ್ಲಿ ಉಂಟು. ಆ ಪದ್ಧತಿಯನ್ನೂ, ಅದು ತಂದೊಡ್ಡುವ ಒಂದು ಧರ್ಮಸಂಕಟವನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆಟ ದೂರದ ದೇಶದ್ದು. ಸಂಕಟ ಮಾತ್ರ ಪ್ರತಿಯೊಬ್ಬ ಸಂಸಾರಿಗೂ ಪರಿಚಿತವಾದದ್ದು. ಕಣಜದಲ್ಲಿರುವ ಭತ್ತದಲ್ಲಿ ಈ ಹೊತ್ತಿನ ಊಟಕ್ಕೆ ಎಷ್ಟು, ಮುಂದಿನ ಬಿತ್ತನೆಗೆ ಎಷ್ಟು? ಇದೇ ಆ ಸಂಕಟ.

ಮೊದಲು ಆಟ ಯಾವುದೆಂದು ತಿಳಿಯೋಣ. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಊರಿನ ಮೈದಾನಗಳಲ್ಲಿ ಹುಡುಗರು ಕಾಲಿನಿಂದ ಒದ್ದು ಆಡುವ ಚೆಂಡಾಟವನ್ನಲ್ಲ. ಅವರ ಚೆಂಡು ಸುಲಿಯದ ತೆಂಗಿನಕಾಯಿಯಂತೆ ನೀಳವಾಗಿದ್ದು ಎರಡು ತುದಿಯಲ್ಲಿಯೂ ಚೂಪಾಗಿರುತ್ತದೆ. ಅದನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಕಣದಲ್ಲಿ ಒಂದೊಂದು ಪಕ್ಷಕ್ಕೆ ಹನ್ನೊಂದು ಜನ. ಚೆಂಡನ್ನು ಮುಂದಕ್ಕೆ ಒಯ್ಯುವಾಗ ಇಳಿಯುವ ಹನ್ನೊಂದು ಜನ ಬೇರೆ. ಎದುರಾಳಿಯನ್ನು ತಡೆಯುವಾಗ ಇಳಿಯುವ ಹನ್ನೊಂದು ಜನ ಬೇರೆ. ಮುಂದಕ್ಕೆ ಒಯ್ಯುವವರ ಪೈಕಿ ಆಟವನ್ನು ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನ ಮುಂದೆ ಐದು ಜನ ಭಾರಿ ಆಳುಗಳು ಗೋಡೆಯಂತೆ ನಿಂತು ಅವನನ್ನು ಕಾಯುತ್ತಾರೆ. ಗೋಡೆ ಕುಸಿದರೆ ನಾಯಕನೂ ನೆಲಕ್ಕೆ ಬಿದ್ದಂತೆಯೇ. ಹೀಗಾಗಿ ಒಬ್ಬ ಮಹಾವೀರನಿದ್ದ ಮಾತ್ರಕ್ಕೆ ಈ ಆಟದಲ್ಲಿ ಗೆಲುವು ಬರುವುದಿಲ್ಲ.

ವೃತ್ತಿಪರ ತಂಡಗಳ ಒಕ್ಕೂಟಕ್ಕೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರು. ಇಂದು ಅದರಲ್ಲಿ ೩೨ ತಂಡಗಳಿವೆ. ಕಾಲೇಜುಗಳಲ್ಲಿ ಆಡಿ ಹೆಸರಾದ ತರುಣರನ್ನು ಈ ತಂಡಗಳು ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳಲ್ಲಿ, ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದನ್ನು ಅವರು ‘ಡ್ರಾಫ್ಟ್’ ಎನ್ನುತ್ತಾರೆ. ಮಾತು ನಮಗೆ ಹೊಸದಲ್ಲ. ಕಚೇರಿಯವರಿಗೆ ಡ್ರಾಫ್ಟ್ ಎಂದರೆ ಕರಡು. ವ್ಯಾಪಾರಿಗೆ ಬ್ಯಾಂಕಿನ ಮೂಲಕ ಹಣ ಕಳುಹಿಸುವ ಹುಂಡಿ. ಅಮೆರಿಕದಲ್ಲಿ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಳ್ಳುವುದಕ್ಕೂ ಅದೇ ಹೆಸರು. ಆಟದವರ ಡ್ರಾಫ್ಟಿನಲ್ಲಿ ಈ ಕೊನೆಯ ಅರ್ಥದ ಛಾಯೆಯಿದೆ. ಹುಡುಗ ತಂಡವನ್ನು ಆರಿಸುವುದಿಲ್ಲ. ತಂಡ ಹುಡುಗನನ್ನು ಆರಿಸುತ್ತದೆ. ನಾವು ಇದನ್ನು ‘ಸರದಿಯ ಆಯ್ಕೆ’ ಎಂದು ಕರೆಯೋಣ.

ಒಟ್ಟು ಏಳು ಸುತ್ತು. ಸ್ಥೂಲವಾಗಿ ಹೇಳುವುದಾದರೆ, ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಪ್ರತಿ ಸುತ್ತಿನಲ್ಲಿಯೂ ಮೊದಲ ಸರದಿ; ಪ್ರಶಸ್ತಿ ಗೆದ್ದ ತಂಡಕ್ಕೆ ಕೊನೆಯದು. ನಮ್ಮ ಐ.ಪಿ.ಎಲ್. ಕ್ರಿಕೆಟ್ಟಿನಲ್ಲಿ ೨೦೦೮ರಿಂದ ನಡೆದುಬಂದಿರುವುದು ಹರಾಜು. ಅಲ್ಲಿ ಹೆಚ್ಚು ಬೆಲೆ ಕೂಗಿದವರಿಗೆ ಆಟಗಾರ ಸಲ್ಲುತ್ತಾನೆ. ಇಲ್ಲಿ ಕೂಗುವ ಮಾತಿಲ್ಲ. ಇಲ್ಲಿಯ ನಾಣ್ಯ ಹಣವಲ್ಲ, ಸರದಿ. ಆದರೆ ಈ ನಾಣ್ಯವನ್ನೂ ಚಲಾವಣೆ ಮಾಡಬಹುದು. ತನ್ನ ಪಾಲಿಗೆ ಬಂದ ಸರದಿಯನ್ನು ಬೇರೊಂದು ತಂಡಕ್ಕೆ ಬಿಟ್ಟುಕೊಟ್ಟು, ಪಳಗಿದ ಆಟಗಾರನೊಬ್ಬನನ್ನು ಅಲ್ಲಿಂದ ಕರೆತರಬಹುದು. ಮುಂದಿನ ವರ್ಷದ ಸರದಿಯನ್ನು, ಅದರಾಚೆಯ ವರ್ಷದ್ದನ್ನು ಕೂಡ, ಈಗಲೇ ಕೊಟ್ಟುಬಿಡಬಹುದು. ಬಿತ್ತನೆಯ ಭತ್ತಕ್ಕೆ ಕೈಹಾಕುವ ಬಾಗಿಲು ತೆರೆಯುವುದು ಇಲ್ಲಿಯೇ.

ಈ ಪದ್ಧತಿಯನ್ನು ಸೂಚಿಸಿದವರು ಫಿಲಡೆಲ್ಫಿಯ ನಗರದ ಈಗಲ್ಸ್ ತಂಡದ ಒಡೆಯರಾಗಿದ್ದ ಬರ್ಟ್ ಬೆಲ್ ಎಂಬವರು. ಹೆಸರಾಂತ ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಸೆಳೆದುಕೊಂಡು ಗೆಲ್ಲುತ್ತಲೇ ಹೋಗುವುದು, ಬಡ ತಂಡಗಳು ಸೋಲುತ್ತಲೇ ಹೋಗುವುದು, ಇದು ಹೀಗೆಯೇ ನಡೆದರೆ ಆಟ ನೋಡಲು ಯಾರೂ ಬರಲಾರರು ಎಂಬುದು ಅವರ ವಾದ. ಉಳಿದ ಒಡೆಯರು ೧೯೩೫ರಲ್ಲಿ ಅದನ್ನು ಒಪ್ಪಿದರು. ಮೊದಲ ಆಯ್ಕೆ ೧೯೩೬ರ ಫೆಬ್ರವರಿ ೮ರಂದು ಫಿಲಡೆಲ್ಫಿಯದ ಒಂದು ಹೋಟೆಲಿನಲ್ಲಿ ನಡೆಯಿತು. ಆಗ ಒಂಬತ್ತು ತಂಡ, ಒಂಬತ್ತು ಸುತ್ತು, ಆರಿಸಲ್ಪಟ್ಟವರು ೮೧ ಜನ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದದ್ದು ಬೆಲ್ ಅವರ ತಂಡವೇ ಆದುದರಿಂದ ಮೊದಲ ಸರದಿ ಅವರದಾಯಿತು. ಅವರು ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್ ಎಂಬ ಪ್ರಸಿದ್ಧ ಆಟಗಾರನನ್ನು ಆರಿಸಿದರು. ಆತನಾದರೋ ವೃತ್ತಿಪರ ಆಟಕ್ಕೆ ಬರಲೇ ಇಲ್ಲ. ಬೇರೆ ಉದ್ಯೋಗ ಹಿಡಿದ. ಪದ್ಧತಿ ಸೋತವನ ಎಲೆಗೆ ಮೊದಲು ಬಡಿಸಬಲ್ಲದು, ಬಡಿಸಿದ್ದು ದಕ್ಕುವಂತೆ ಮಾಡಲಾರದು ಎಂಬುದು ಮೊದಲ ದಿನವೇ ತಿಳಿಯಿತು.

ಈಗ ಸಂಕಟಕ್ಕೆ ಬರೋಣ. ಸೋತ ತಂಡದ ತರಬೇತುದಾರ ಮೊದಲ ಸರದಿಗೆ ಎದ್ದು ನಿಂತಿದ್ದಾನೆ ಎಂದುಕೊಳ್ಳಿ. ಅವನ ತಂಡದಲ್ಲಿ ಒಂದು ಸ್ಥಾನ ತೀರ ಬರಿದಾಗಿದೆ. ಆ ಸ್ಥಾನಕ್ಕೆ ಹೊಂದುವ ಸಾಧಾರಣ ಆಟಗಾರನೊಬ್ಬ ಸಿಕ್ಕುತ್ತಾನೆ. ಅಲ್ಲಿಯೇ, ಈಗ ಅಷ್ಟು ಬೇಕಿಲ್ಲದ ಸ್ಥಾನದಲ್ಲಿ, ಅಸಾಧಾರಣನೊಬ್ಬನೂ ಕಾಣುತ್ತಾನೆ. ಯಾರನ್ನು ಆರಿಸಬೇಕು? ಕೊರತೆ ನೋಡಿ ಆರಿಸು ಎನ್ನುವವರದು ಒಂದು ಪಂಥ; ಯೋಗ್ಯತೆ ನೋಡಿ ಆರಿಸು ಎನ್ನುವವರದು ಇನ್ನೊಂದು. ಇನ್ನೊಬ್ಬ ಬಂದು, ಈ ತಂಟೆಯೇ ಬೇಡ, ನಿನ್ನ ಎರಡು ವರ್ಷದ ಸರದಿಗಳನ್ನು ನನಗೆ ಕೊಡು, ನಾಳೆ ಬೆಳಿಗ್ಗೆಯೇ ಆಡಬಲ್ಲ ಹುರಿಯಾಳನ್ನು ಕೊಡುತ್ತೇನೆ ಎನ್ನುತ್ತಾನೆ. ಕಣದ ಸುತ್ತ ಸಾವಿರಾರು ಜನ ಗೆಲುವು ಬೇಕು, ಈಗಲೇ ಬೇಕು ಎಂದು ಕೂಗುತ್ತಿರುತ್ತಾರೆ.

ಕೊರತೆಯೊಂದನ್ನೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಹ್ಯೂಸ್ಟನ್ ನಗರದ ನಿದರ್ಶನವಿದೆ. ಅಲ್ಲಿಯ ಟೆಕ್ಸನ್ಸ್ ತಂಡ ೨೦೦೨ರಲ್ಲಿ ಹೊಸದಾಗಿ ಕಣಕ್ಕಿಳಿಯಿತು. ಹೊಸ ತಂಡವೆಂದು ಮೊದಲ ಸರದಿ ಅದಕ್ಕೆ ದೊರೆಯಿತು. ನಾಯಕನಿಲ್ಲದೆ ತಂಡವುಂಟೆ ಎಂದು ಡೇವಿಡ್ ಕಾರ್ ಎಂಬ ಪ್ರತಿಭಾವಂತ ಕ್ವಾರ್ಟರ್‌ಬ್ಯಾಕನ್ನು ಆರಿಸಿ, ಆ ವರ್ಷವೇ ಆಡಿಸಿದರು. ಆದರೆ ಅವನ ಮುಂದೆ ನಿಲ್ಲಬೇಕಾದ ಗೋಡೆ ಇನ್ನೂ ಎದ್ದಿರಲಿಲ್ಲ. ಚೆಂಡು ಎಸೆಯುವ ಮೊದಲೇ ಎದುರಾಳಿಗಳು ಆ ಹುಡುಗನನ್ನು ಒಂದೇ ವರ್ಷದಲ್ಲಿ ೭೬ ಸಲ ನೆಲಕ್ಕೆ ಕೆಡವಿದರು. ಲೀಗಿನ ಚರಿತ್ರೆಯಲ್ಲಿಯೇ ಅದೊಂದು ದಾಖಲೆ. ಆತ ಅಲ್ಲಿ ಆಡಿದ ಐದು ವರ್ಷಗಳಲ್ಲಿ ಒಂದು ವರ್ಷವೂ ತಂಡದ ಗೆಲುವು ಸೋಲನ್ನು ಮೀರಲಿಲ್ಲ. ತರಗತಿಯಲ್ಲಿ ಪಾಠ ಹೇಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬುದ್ಧಿವಂತನೆಂದು ಹುಡುಗನೊಬ್ಬನನ್ನು ತಳಪಾಯವಿಲ್ಲದೆ ಮೇಲಿನ ತರಗತಿಗೆ ಏರಿಸಿದರೆ ಅವನ ಬುದ್ಧಿ ಬೆಳೆಯುವ ಬದಲು ಅಂಜಿಕೆ ಬೆಳೆಯುತ್ತದೆ. ಆತುರದ ಆಯ್ಕೆಯಲ್ಲಿ ನಷ್ಟ ತಂಡಕ್ಕೆ ಮಾತ್ರವಲ್ಲ, ಆ ಹುಡುಗನಿಗೂ ಉಂಟು.

ಇದಕ್ಕೆ ಪ್ರತಿಯಾಗಿ ಪಿಟ್ಸ್‌ಬರ್ಗ್ ನಗರದ ಕಥೆ ಕೇಳಿ. ಉಕ್ಕಿನ ಕುಲುಮೆಗಳ ಆ ಊರಿನಲ್ಲಿ ಆರ್ಟ್ ರೂನಿ ಎಂಬವರು ೧೯೩೩ರಲ್ಲಿ ಒಂದು ತಂಡ ಕಟ್ಟಿದರು. ಅದೇ ಈಗಿನ ಸ್ಟೀಲರ್ಸ್. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಅದಕ್ಕೆ ಒಂದು ಪ್ರಶಸ್ತಿಯೂ ಬರಲಿಲ್ಲ. ಬಡ್ಡಿ ಪಾರ್ಕರ್ ಎಂಬ ತರಬೇತುದಾರರ ಕಾಲದಲ್ಲಿ ಸರದಿಗಳನ್ನು ಕೊಟ್ಟು ಪಳಗಿದವರನ್ನು ತರುವುದು ಅಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಅವರು ಬಿಟ್ಟುಕೊಟ್ಟ ೧೯೬೫ರ ಮೊದಲ ಸುತ್ತಿನ ಸರದಿಯಿಂದ ಷಿಕಾಗೋ ತಂಡ ಡಿಕ್ ಬಟ್ಕಸ್ ಎಂಬ ರಕ್ಷಣಾವೀರನನ್ನು ಪಡೆಯಿತು; ಆತ ಆ ಆಟದ ಮಹಾಪುರುಷರ ಸಾಲಿಗೆ ಸೇರಿದ.

೧೯೬೯ರಲ್ಲಿ ಚಕ್ ನೋಲ್ ಎಂಬವರು ಪಿಟ್ಸ್‌ಬರ್ಗಿನ ತರಬೇತುದಾರರಾಗಿ ಬಂದರು. ತಂಡ ಕಟ್ಟುವುದು ಸರದಿಯಿಂದಲೇ ಎಂದು ಅವರು ನಿಶ್ಚಯಿಸಿದರು. ಮೊದಲ ಆಯ್ಕೆ ನಾರ್ತ್ ಟೆಕ್ಸಾಸಿನ ಜೋ ಗ್ರೀನ್. ಊರಿನವರು ಯಾರಿವನು ಎಂದು ಕೇಳಿದರು. ಆ ವರ್ಷ ತಂಡ ಒಂದು ಪಂದ್ಯ ಗೆದ್ದು ಹದಿಮೂರು ಸೋತಿತು. ಮರುವರ್ಷ ಮೊದಲ ಸರದಿಯಲ್ಲಿ ಟೆರ್ರಿ ಬ್ರಾಡ್‌ಷಾ ಬಂದ. ಮೂರನೆಯ ಸುತ್ತಿನಲ್ಲಿ ಮೆಲ್ ಬ್ಲಂಟ್. ಗೆಲುವು ಐದು. ೧೯೭೧ರಲ್ಲಿ ಜ್ಯಾಕ್ ಹ್ಯಾಮ್, ಗೆಲುವು ಆರು. ೧೯೭೨ರಲ್ಲಿ ಫ್ರಾಂಕೊ ಹ್ಯಾರಿಸ್, ಗೆಲುವು ಹನ್ನೊಂದು. ೧೯೭೪ರ ಒಂದೇ ಆಯ್ಕೆಯಲ್ಲಿ ಸ್ವಾನ್, ಲ್ಯಾಂಬರ್ಟ್, ಸ್ಟಾಲ್‌ವರ್ತ್, ವೆಬ್‌ಸ್ಟರ್ ಎಂಬ ನಾಲ್ವರು ಬಂದರು. ನಾಲ್ವರೂ ಮುಂದೆ ಆ ಆಟದ ಕೀರ್ತಿಮಂದಿರಕ್ಕೆ ಸೇರಿದರು. ೧೯೭೪ರಿಂದ ೧೯೭೯ರವರೆಗಿನ ಆರು ವರ್ಷಗಳಲ್ಲಿ ಪಿಟ್ಸ್‌ಬರ್ಗಿಗೆ ನಾಲ್ಕು ಸಲ ಸೂಪರ್ ಬೌಲ್ ಕಿರೀಟ ದೊರೆಯಿತು.

ಈ ಯಶಸ್ಸಿನ ಹಿಂದೆ ಮರೆಯಬಾರದ ಒಬ್ಬರಿದ್ದಾರೆ. ಬಿಲ್ ನನ್ ಎಂಬವರು ನೀಗ್ರೋ ಜನಾಂಗದ ಪತ್ರಿಕೆಯೆಂದು ಆಗ ಹೆಸರಾಗಿದ್ದ ಪಿಟ್ಸ್‌ಬರ್ಗ್ ಕೂರಿಯರಿನ ಬರಹಗಾರರು. ಕರಿಯ ವಿದ್ಯಾರ್ಥಿಗಳ ಕಾಲೇಜುಗಳನ್ನು ಅನೇಕ ತಂಡಗಳು ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ ಸ್ಟೀಲರ್ಸ್ ತಂಡ ಅವರನ್ನು ಕರೆದು ಆಟಗಾರರನ್ನು ಹುಡುಕುವ ಕೆಲಸ ಒಪ್ಪಿಸಿತು. ಬ್ಲಂಟ್, ಸ್ಟಾಲ್‌ವರ್ತ್ ಇಬ್ಬರೂ ಅಂಥ ಕಾಲೇಜುಗಳಿಂದ ಬಂದವರೇ. ಬಿತ್ತನೆಗೆ ಭತ್ತ ಎತ್ತಿಟ್ಟರೆ ಸಾಲದು. ಗಟ್ಟಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇರಿ ನೋಡುವ ಕೈಯೂ ಬೇಕು.

ಇಷ್ಟು ಹೇಳಿದರೆ ನಾಳೆಯ ಪಕ್ಷವೇ ಗೆದ್ದಿತು ಎನ್ನಿಸಬಹುದು. ಹಾಗೆ ತೀರ್ಮಾನಿಸುವಂತಿಲ್ಲ. ಅದೇ ೧೯೭೧ರಲ್ಲಿ ವಾಷಿಂಗ್ಟನ್ ತಂಡಕ್ಕೆ ಜಾರ್ಜ್ ಅಲೆನ್ ಬಂದರು. ನಾಳೆ ಎಂಬುದು ಇಂದೇ ಬಂದಿದೆ ಎಂಬುದು ಅವರ ಸಿದ್ಧಾಂತ. ಸರದಿಗಳನ್ನು ಧಾರಾಳವಾಗಿ ಕೊಟ್ಟು, ವಯಸ್ಸಾದರೂ ವರಸೆ ಬಲ್ಲ ಆಟಗಾರರನ್ನು ತಂದರು. ೧೯೬೯ರಿಂದ ೧೯೭೯ರವರೆಗೆ ವಾಷಿಂಗ್ಟನ್ ಮೊದಲ ಸುತ್ತಿನಲ್ಲಿ ಒಬ್ಬನನ್ನೂ ಆರಿಸಲಿಲ್ಲ. ಅದರಲ್ಲಿ ಬಹುಭಾಗ ಅಲೆನ್ನರ ಕಾಲ. ಫಲವೇನಾಯಿತು? ೧೯೪೫ರಿಂದ ಅಂತಿಮ ಘಟ್ಟದ ಪಂದ್ಯಗಳ ಮುಖವನ್ನೇ ಕಾಣದಿದ್ದ ಆ ತಂಡ ಅವರ ಏಳು ವರ್ಷಗಳಲ್ಲಿ ಐದು ಸಲ ಅಲ್ಲಿಗೆ ಹೋಯಿತು. ಒಂದು ವರ್ಷವೂ ಸೋಲು ಗೆಲುವನ್ನು ಮೀರಲಿಲ್ಲ. ೧೯೭೨ರ ಸಾಲಿನ ಸೂಪರ್ ಬೌಲಿನಲ್ಲಿ ಮಯಾಮಿಗೆ ೧೪-೭ರಿಂದ ಸೋತರು. ಕಿರೀಟ ಮಾತ್ರ ದಕ್ಕಲಿಲ್ಲ. ಇಪ್ಪತ್ತೈದು ವರ್ಷ ಕಾದು ಬೇಸತ್ತ ಊರಿಗೆ ಇದು ಕಡಮೆಯ ಉಪಕಾರವೆಂದು ಹೇಗೆ ಹೇಳೋಣ? ಹಸಿದವನ ಮುಂದೆ ಮುಂದಿನ ಸುಗ್ಗಿಯ ವರ್ಣನೆ ಮಾಡುವುದು ಧರ್ಮವಲ್ಲ.

ಆದರೆ ಅಲೆನ್ ಏನನ್ನು ಕೊಂಡರೆಂಬುದನ್ನು ಗಮನಿಸಬೇಕು. ಅವರು ಕೊಂಡದ್ದು ಒಬ್ಬ ವೀರನನ್ನಲ್ಲ, ಒಂದು ತಂಡವನ್ನು. ಇದನ್ನು ತಿಳಿಯದೆ ಅವರ ದಾರಿ ಹಿಡಿದವರು ಕೆಟ್ಟರು. ೧೯೮೯ರ ಅಕ್ಟೋಬರಿನಲ್ಲಿ ಮಿನೆಸೋಟದ ವೈಕಿಂಗ್ಸ್ ತಂಡ, ಇನ್ನೊಬ್ಬ ಓಟಗಾರನಿದ್ದರೆ ಕಿರೀಟ ನಮ್ಮದೇ ಎಂದು ನಂಬಿ, ಡಲ್ಲಾಸಿನಿಂದ ಹರ್ಷೆಲ್ ವಾಕರನನ್ನು ತಂದಿತು. ಅದಕ್ಕೆ ತೆತ್ತ ಬೆಲೆ ಐವರು ಆಟಗಾರರು, ಜೊತೆಗೆ ಮುಂದಿನ ವರ್ಷಗಳ ಸರದಿಗಳು. ಆ ಸರದಿಗಳಲ್ಲಿ ಮೂರು ಮೊದಲ ಸುತ್ತಿನವು. ವಾಕರ್ ಇದ್ದಷ್ಟು ಕಾಲ ಮಿನೆಸೋಟ ಅಂತಿಮ ಘಟ್ಟದ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಡಲ್ಲಾಸಿನ ತರಬೇತುದಾರ ಜಿಮ್ಮಿ ಜಾನ್ಸನ್ನರಾದರೋ ತಮ್ಮ ಅತ್ಯುತ್ತಮ ಆಟಗಾರನನ್ನೇ ಕಳುಹಿಸಿ, ಆ ವರ್ಷ ೧೫ ಪಂದ್ಯ ಸೋತು ಒಂದನ್ನು ಮಾತ್ರ ಗೆದ್ದರು. ಬಂದ ಸರದಿಗಳನ್ನು ಕೂಡಿಸಿ, ಕಳೆದು, ಬದಲಿಸಿ ಎಮಿಟ್ ಸ್ಮಿತ್, ಡ್ಯಾರನ್ ವುಡ್ಸನ್ ಮುಂತಾದವರನ್ನು ತಂದರು. ಸ್ಮಿತ್ ಮುಂದೆ ೧೮,೩೫೫ ಗಜ ಓಡಿ ಲೀಗಿನ ಓಟಗಾರರಿಗೆಲ್ಲ ಮೇಲಾದ. ಡಲ್ಲಾಸಿಗೆ ೧೯೯೨, ೧೯೯೩, ೧೯೯೫ರ ಸಾಲುಗಳಲ್ಲಿ ಕಿರೀಟ ಬಂತು.

ಈ ಪಾಠ ಕಣ್ಣಮುಂದಿರುವಾಗಲೇ ೧೯೯೯ರಲ್ಲಿ ನ್ಯೂ ಆರ್ಲಿಯನ್ಸಿನ ತರಬೇತುದಾರ ಮೈಕ್ ಡಿಟ್ಕಾ ಅವರು ರಿಕಿ ವಿಲಿಯಮ್ಸ್ ಎಂಬ ಒಬ್ಬ ಓಟಗಾರನಿಗಾಗಿ ಆ ವರ್ಷದ ತಮ್ಮ ಎಲ್ಲ ಸರದಿಗಳನ್ನೂ, ಮರುವರ್ಷದ ಮೊದಲ ಮತ್ತು ಮೂರನೆಯ ಸುತ್ತಿನ ಸರದಿಗಳನ್ನೂ ಕೊಟ್ಟರು. ಆ ವರ್ಷ ಗೆಲುವು ಮೂರು, ಸೋಲು ಹದಿಮೂರು. ಹುಡುಗ ಕೀಳಾದವನಲ್ಲ, ೨೦೦೨ರಲ್ಲಿ ಮಯಾಮಿಗೆ ಹೋದ ಮೇಲೆ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ದೂರ ಓಡಿದವನು ಅವನೇ. ಆದರೆ ಇಡೀ ಕಣಜವನ್ನು ಕೊಟ್ಟು ಒಂದು ಎತ್ತು ತಂದರೆ ಉಳುವುದು ಹೇಗೆ? ಜೋಡಿ ಬೇಕು, ನೇಗಿಲು ಬೇಕು, ಬೀಜ ಬೇಕು. ವರ್ಷದ ಕೊನೆಯಲ್ಲಿ ಡಿಟ್ಕಾ ಅವರ ಕೆಲಸ ಹೋಯಿತು. ಮರುವರ್ಷದ ಎರಡನೆಯ ಸರದಿ, ನ್ಯೂ ಆರ್ಲಿಯನ್ಸಿನದಾಗಬೇಕಾಗಿದ್ದುದು, ವಾಷಿಂಗ್ಟನ್ನಿನ ಪಾಲಾಗಿತ್ತು. ಸಾಲ ಮಾಡಿದವರು ಹೊರಟುಹೋದರು. ತೀರಿಸುವ ಹೊಣೆ ಬೇರೆಯವರ ತಲೆಯ ಮೇಲೆ ಬಿತ್ತು.

ನನ್ನ ಎಣಿಕೆಯಲ್ಲಿ ಈ ವಿಷಯದ ತಿರುಳು ಇಲ್ಲಿದೆ. ಇಂದೋ ನಾಳೆಯೋ ಎಂಬುದು ಬರಿಯ ಬುದ್ಧಿಯ ಪ್ರಶ್ನೆಯಲ್ಲ, ಹೊಣೆಯ ಪ್ರಶ್ನೆ. ಎರಡು ವರ್ಷದೊಳಗೆ ಗೆಲ್ಲದಿದ್ದರೆ ಮನೆಗೆ ಹೋಗು ಎಂದು ಒಡೆಯನು ಹೇಳಿದರೆ, ಯಾವ ತರಬೇತುದಾರ ನಾಲ್ಕನೆಯ ವರ್ಷಕ್ಕೆ ಫಲ ಕೊಡುವ ಸಸಿಯನ್ನು ನೆಟ್ಟಾನು? ಪಿಟ್ಸ್‌ಬರ್ಗಿನಲ್ಲಿ ಚಕ್ ನೋಲ್ ಮೊದಲ ವರ್ಷ ಹದಿಮೂರು ಪಂದ್ಯ ಸೋತರೂ ರೂನಿ ಮನೆತನದವರು ಅವರನ್ನು ಕೈಬಿಡಲಿಲ್ಲ. ಅವರು ೧೯೯೧ರವರೆಗೆ, ೨೩ ವರ್ಷ, ಅಲ್ಲಿಯೇ ಇದ್ದರು. ಆ ನಾಲ್ಕು ಕಿರೀಟಗಳಲ್ಲಿ ಒಡೆಯರ ತಾಳ್ಮೆಗೂ ಪಾಲುಂಟು.

ಹೊಣೆ ಹೊತ್ತವರೇ ತೀರಿಸುವುದಾದರೆ ಸಾಲವೂ ಅಧರ್ಮವಲ್ಲ. ಲಾಸ್ ಏಂಜಲೀಸಿನ ರ್‍ಯಾಮ್ಸ್ ತಂಡ ೨೦೧೭ರಿಂದ ೨೦೨೩ರವರೆಗೆ ಏಳು ವರ್ಷ ಮೊದಲ ಸುತ್ತಿನಲ್ಲಿ ಯಾರನ್ನೂ ಆರಿಸಲಿಲ್ಲ. ಆ ಸರದಿಗಳಲ್ಲಿ ಬಹುಪಾಲನ್ನು ಕೊಟ್ಟು ಪಳಗಿದವರನ್ನು ತಂದಿತು. ೨೦೨೨ರ ಫೆಬ್ರವರಿಯಲ್ಲಿ ಕಿರೀಟ ಗೆದ್ದಿತು. ಮುಂದಿನ ಸಾಲಿನಲ್ಲಿಯೇ ೧೨ ಸೋಲು, ಐದೇ ಗೆಲುವು. ಆದರೆ ಸಾಲ ಮಾಡಿದ ತರಬೇತುದಾರ ಷಾನ್ ಮ್ಯಾಕ್‌ವೇ ಅವರೇ ಉಳಿದು ಮತ್ತೆ ಕಟ್ಟತೊಡಗಿದರು. ಯಾರೂ ಲೆಕ್ಕಕ್ಕಿಡದ ಐದನೆಯ ಸುತ್ತಿನಲ್ಲಿ ೨೦೨೩ರಲ್ಲಿ ಪೂಕಾ ನಕುವಾ ಎಂಬ ರತ್ನ ಸಿಕ್ಕಿತು. ಆ ವರ್ಷವೇ ತಂಡ ಹತ್ತು ಪಂದ್ಯ ಗೆದ್ದು ಅಂತಿಮ ಘಟ್ಟ ಸೇರಿತು. ಮೊದಲ ಸುತ್ತನ್ನು ಕೊಟ್ಟವರು ಕೊನೆಯ ಸುತ್ತುಗಳನ್ನು ಎಷ್ಟು ಶ್ರದ್ಧೆಯಿಂದ ಶೋಧಿಸಬೇಕೆಂಬುದು ಇದರಿಂದ ತಿಳಿಯುತ್ತದೆ.

ಎರಡನ್ನೂ ಒಟ್ಟಿಗೆ ನಡೆಸಿದವರೂ ಉಂಟು. ಗ್ರೀನ್ ಬೇ ಎಂಬ ಚಿಕ್ಕ ಊರಿನ ಪ್ಯಾಕರ್ಸ್ ತಂಡದಲ್ಲಿ ಬ್ರೆಟ್ ಫಾರ್ವ್ ಎಂಬ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಇನ್ನೂ ಆಡುತ್ತಿದ್ದಾಗಲೇ, ೨೦೦೫ರಲ್ಲಿ, ಇಪ್ಪತ್ತನಾಲ್ಕನೆಯ ಸರದಿಯಲ್ಲಿ ಏರನ್ ರಾಜರ್ಸನನ್ನು ಆರಿಸಿಟ್ಟರು. ಆತ ಮೂರು ವರ್ಷ ಹಿರಿಯನ ಹಿಂದೆ ಕುಳಿತು ಕಲಿತ. ೨೦೦೮ರಲ್ಲಿ ಹೊಣೆ ಹೊತ್ತ. ೨೦೧೦ರ ಸಾಲಿನ ಕಿರೀಟ ತಂದ. ಕಾನ್ಸಾಸ್ ಸಿಟಿಯವರು ೨೦೧೬ರಲ್ಲಿ ೧೨ ಪಂದ್ಯ ಗೆದ್ದವರು; ಅಲೆಕ್ಸ್ ಸ್ಮಿತ್ ಎಂಬ ಅನುಭವಿಯೂ ಅವರಲ್ಲಿದ್ದ. ಆದರೂ ೨೦೧೭ರಲ್ಲಿ ಮರುವರ್ಷದ ಮೊದಲ ಸರದಿಯನ್ನೂ ಸೇರಿಸಿ ಕೊಟ್ಟು, ಇಪ್ಪತ್ತೇಳನೆಯ ಸ್ಥಾನದಿಂದ ಹತ್ತಕ್ಕೆ ಏರಿ, ಪ್ಯಾಟ್ರಿಕ್ ಮಹೋಮ್ಸನನ್ನು ಆರಿಸಿದರು. ಆ ವರ್ಷ ಅವನನ್ನು ಒಂದೇ ಪಂದ್ಯದಲ್ಲಿ ಆಡಿಸಿದರು. ೨೦೧೯, ೨೦೨೨, ೨೦೨೩ರ ಸಾಲುಗಳ ಕಿರೀಟಗಳು ಆ ತಾಳ್ಮೆಯ ಫಲ. ಇವರೂ ನಾಳೆಯ ಸರದಿಯನ್ನು ಕೊಟ್ಟವರೇ. ಆದರೆ ಕೊಂಡದ್ದು ಒಂದು ವರ್ಷದ ಊಟವನ್ನಲ್ಲ, ಹಲವು ವರ್ಷ ಫಲ ಕೊಡುವ ಮರವನ್ನು.

ಈ ಕಾಯುವಿಕೆಗೆ ಈಚೆಗೆ ಒಂದು ಅಡ್ಡಿ ಬಂದಿದೆ. ೧೯೯೪ರಿಂದ ಪ್ರತಿಯೊಂದು ತಂಡವೂ ಆಟಗಾರರಿಗೆ ಕೊಡುವ ಸಂಬಳದ ಮೊತ್ತಕ್ಕೆ ಮಿತಿಯಿದೆ. ೨೦೧೧ರ ಒಪ್ಪಂದದ ಪ್ರಕಾರ ಸರದಿಯಲ್ಲಿ ಬಂದ ಹುಡುಗನಿಗೆ ನಾಲ್ಕು ವರ್ಷದ ಕರಾರು. ಮೊದಲ ಸುತ್ತಿನವನಿಗೆ ತಂಡದ ಇಚ್ಛೆಯಂತೆ ಐದನೆಯ ವರ್ಷವೂ ಉಂಟು. ಆ ಅವಧಿಯಲ್ಲಿ ಒಳ್ಳೆಯ ಹುಡುಗ ಕಡಮೆ ಸಂಬಳದಲ್ಲಿ ದೊರೆಯುತ್ತಾನೆ. ಆದುದರಿಂದ ಬಂದ ದಿನವೇ ಅವನನ್ನು ದುಡಿಸಿಕೊಳ್ಳಬೇಕೆಂಬ ಆತುರ. ನಾಲ್ಕು ವರ್ಷದ ಗೇಣಿಯಲ್ಲಿ ಮೊದಲ ವರ್ಷ ಹೊಲವನ್ನು ಬೀಡು ಬಿಡಲು ಯಾರಿಗೆ ಮನಸ್ಸು ಬಂದೀತು? ಇಂಥಲ್ಲಿ ಬೀಡು ಬಿಡುವುದಕ್ಕೆ ಧೈರ್ಯ ಬೇಕು.

ಹಾಗಾದರೆ ಸಮತೋಲ ಎಲ್ಲಿದೆ? ಇಂದಿನ ಕೊರತೆಗೆ ಇಂದಿನ ಮದ್ದು ಬೇರೆ ಉಂಟು. ಒಂದೆರಡು ವರ್ಷದ ಕರಾರಿನ ಮೇಲೆ ಹಿರಿಯ ಆಟಗಾರರನ್ನು ತರಬಹುದು, ಕೊನೆಯ ಸುತ್ತುಗಳಲ್ಲಿ ಹುಡುಕಬಹುದು. ಮೊದಲ ಸುತ್ತಿನ ಸರದಿಯನ್ನು ಮಾತ್ರ ಹತ್ತು ವರ್ಷ ಬಾಳುವ ಯೋಗ್ಯತೆಗೆ ಮೀಸಲಿಡುವುದು ಲೇಸು. ಬಂದ ಹುಡುಗನಿಗೆ ಗೋಡೆ ಎದ್ದ ಮೇಲೆ ಹೊಣೆ ಕೊಡಬೇಕು. ನಾಳೆಯದನ್ನು ಮುಟ್ಟಲೇಬೇಕಾಗಿ ಬಂದರೆ, ತೀರಿಸುವ ದಿನ ತಾನು ಅಲ್ಲಿರುವೆನೋ ಎಂದು ಮುಟ್ಟುವವನು ತನ್ನನ್ನೇ ಕೇಳಿಕೊಳ್ಳಬೇಕು. ಒಡೆಯನೂ ಅವನನ್ನು ಆ ದಿನದವರೆಗೆ ಇರಗೊಡಬೇಕು. ಕಣಜದ ಬೀಗದ ಕೈ ಈ ವರ್ಷ ಒಬ್ಬನ ಕೈಯಲ್ಲಿ, ಮುಂದಿನ ವರ್ಷ ಇನ್ನೊಬ್ಬನ ಕೈಯಲ್ಲಿ ಎಂದಾದರೆ ಬಿತ್ತನೆಯ ಭತ್ತ ಯಾವ ಮನೆಯಲ್ಲಿಯೂ ಉಳಿಯುವುದಿಲ್ಲ.